ನನ್ನ ಕಾಲು ತಾಗಿದ್ದು ಯಾರಿಗೆ

ಸೂಜಿಯ ಜೊತೆ ಇಪ್ಪತ್ತು ವರ್ಷ ಬಾಳಿದವಳು ನಾನು. ಗೋಗಿಯಲ್ಲಿ ನನ್ನ ಹೊಲಿಗೆ ಯಂತ್ರದ ಸದ್ದು ಶುರುವಾದರೆ ಓಣಿಯವರು ಗಡಿಯಾರ ನೋಡುತ್ತಿರಲಿಲ್ಲ. ಒಂದು ದಿನ ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ಇಳಿಸುವಾಗ ನಿಚ್ಚಣಿಕೆ ಜಾರಿ ಬಿದ್ದೆ, ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಸೊಂಟದ ಕೆಳಗೆ ನನಗೆ ಏನೂ ತಿಳಿಯುವುದಿಲ್ಲ. ಕಾಲುಗಳು ಇವೆ, ಅಷ್ಟೇ. ಬೆಳಿಗ್ಗೆ ಹೊದಿಕೆ ಸರಿಸಿದರೆ, ಯಾರೋ ನನ್ನ ಹಾಸಿಗೆಯಲ್ಲಿ ಮಲಗಿದ್ದು ಎದ್ದು ಹೋಗುವಾಗ ಕಾಲು ಮರೆತು ಹೋದಂತೆ ಕಾಣುತ್ತದೆ.

ದೊಡ್ಡಾಸ್ಪತ್ರೆಯ ಡಾಕ್ಟರು ವ್ಯಾಯಾಮ ಕಲಿಸಿ, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ಹೇಳಿ ಮನೆಗೆ ಕಳಿಸಿದರು. ನನ್ನ ಗಂಡ ಆಸೆ ಬಿಡುವ ಪೈಕಿ ಅಲ್ಲ. ಭೀಮರಾಯನಗುಡಿಯ ಕಚೇರಿಯಲ್ಲಿ ಗುಮಾಸ್ತ; ಅಲ್ಲಿ ಯಾರೋ ಹೇಳಿದರಂತೆ, ರಂಗಂಪೇಟೆಯಲ್ಲಿ ಸೂಜಿ ಚುಚ್ಚಿ ಲಕ್ವ ಗುಣಮಾಡುವ ಮುದುಕರೊಬ್ಬರಿದ್ದಾರೆ ಎಂದು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ನನಗೋ ಸಿಟ್ಟು. ಬೆರಳಿಗೆ ಸೂಜಿ ಚುಚ್ಚಿಸಿಕೊಂಡೇ ಬದುಕಿದವಳಿಗೆ ಮತ್ತೆ ಸೂಜಿಯೇ ಔಷಧವೇ ಎಂದು ಬೈದೆ. ಆದರೂ ವಾರಕ್ಕೊಮ್ಮೆ ಆಟೋದಲ್ಲಿ ಶಹಾಪುರ ದಾಟಿ ಸುರಪುರದ ಪಕ್ಕದ ರಂಗಂಪೇಟೆಗೆ ಹೋಗತೊಡಗಿದೆವು.

ಆ ಮುದುಕರ ಕ್ರಮವೇ ಬೇರೆ. ಫರಸಿ ಕಲ್ಲು ಹಾಸಿದ ತಂಪು ಕೋಣೆ, ನೆಲದ ಮೇಲೊಂದು ಚಾಪೆ. ಮಲಗಿಸಿ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಕಣ್ಣಿಗೆ ಕಂಡರೆ ರೋಗಿ ಚುಚ್ಚಿದ್ದಕ್ಕೆಲ್ಲ ಹೂಂ ಅನ್ನುತ್ತಾನೆ ಎಂಬುದು ಅವರ ವಾದ. ಕಾಲ ಬುಡದಲ್ಲಿ ಕೂತು, ಪಾದದಿಂದ ಶುರುಮಾಡಿ, ಪ್ರತಿ ಸೂಜಿಗೂ ತಿಳಿಯಿತೇ ಎಂದು ಕೇಳುತ್ತಾರೆ. ಹತ್ತು ವಾರದಲ್ಲಿ ಒಂದು ಸೂಜಿಯಾದರೂ ತಿಳಿಯದಿದ್ದರೆ ಮತ್ತೆ ಬರಬೇಡಿ, ಸುಳ್ಳು ಆಸೆ ಕೊಡುವವನಲ್ಲ ನಾನು ಎಂದು ಮೊದಲ ದಿನವೇ ಕಡ್ಡಿ ಮುರಿದಂತೆ ಹೇಳಿದ್ದರು. ಆ ಒಂದು ಮಾತಿಗೆ ಅವರ ಮೇಲೆ ನನಗೆ ಗೌರವ ಬಂತು. ಒಂಬತ್ತು ವಾರ ನಾನು ಇಲ್ಲ ಎಂದೇ ಹೇಳಿದೆ. ಪ್ರತಿ ಸಲ ಇಲ್ಲ ಅಂದಾಗಲೂ ಗೋಡೆಗೊರಗಿ ಕೂತ ಗಂಡನ ನಿಟ್ಟುಸಿರು ಕೇಳುತ್ತಿತ್ತು.

ಹತ್ತನೆಯ ವಾರ, ಮಟಮಟ ಮಧ್ಯಾಹ್ನ. ಸೂಜಿ ಚುಚ್ಚುವುದು ಮುಗಿಯಿತು. ಎಲ್ಲದಕ್ಕೂ ಇಲ್ಲ ಎಂದಿದ್ದೆ. ಆಗ ನನ್ನ ಬಲಗೈ ತಾನಾಗಿ ಎದ್ದಿತು. ಗಾಳಿಯಲ್ಲಿ ಮುಂದೆ ಚಾಚಿ, ಏನನ್ನೋ ಮುಟ್ಟಿದಂತೆ ಮಾಡಿ, ಕಣ್ಣಿಗೆ ಒತ್ತಿಕೊಂಡಿತು. ಯಾರಿಗಾದರೂ ಕಾಲು ತಾಗಿದರೆ ನಾವು ಹಾಗೆ ನಮಸ್ಕಾರ ಮಾಡಿಕೊಳ್ಳುತ್ತೇವೆ. ಚಿಕ್ಕಂದಿನ ರೂಢಿ, ಯೋಚಿಸುವ ಮೊದಲೇ ಕೈ ಏಳುತ್ತದೆ.

ಮುದುಕರು ಕಾಲ ಬುಡದಿಂದಲೇ ಕೇಳಿದರು:

"ನಿಮ್ಮ ಕಾಲು ಈಗ ಜರಾ ಜಿಗೀತ್ರಿ. ನನ್ನ ಮೊಣಕಾಲಿಗೆ ಬಡೀತು. ನಿಮಗ ಹ್ಯಾಂಗ ಗೊತ್ತಾತು?"

ಗೊತ್ತಾಗಲಿಲ್ಲ ಎಂದೆ. ಅದೇ ನಿಜ. ಕಾಲು ಆಗಾಗ ತಾನೇ ಜಿಗಿಯುವುದು ಹೊಸದೇನಲ್ಲ, ಅದು ನರಗಳ ಚೇಷ್ಟೆ ಎಂದು ಡಾಕ್ಟರೇ ಹೇಳಿದ್ದರು. ಆದರೆ ಕೈಗೆ ಹೇಳಿದವರು ಯಾರು? ಗಂಡ ಅಳುತ್ತಲೇ ನಗುತ್ತಿದ್ದ. ನನಗೆ ಭಯವಾಯಿತು. ಅದಕ್ಕಿಂತ ಹೆಚ್ಚು ಆಸೆಯಾಯಿತು. ಎರಡು ವರ್ಷ ಹೊಸ್ತಿಲ ಆಚೆ ನಿಲ್ಲಿಸಿದ್ದ ಆಸೆ ಒಳಗೆ ನುಗ್ಗಿಬಿಟ್ಟಿತು. ಮತ್ತೆ ಯಂತ್ರ ತುಳಿಯಬಹುದು ಅನ್ನಿಸಿತು.

ಮುದುಕರು ಎದ್ದು ಬಂದು ನನ್ನ ತಲೆಯ ಬಳಿ ಕೂತು ಎಡಗೈಯ ನಾಡಿ ಹಿಡಿದರು. ಹೊರಗೆ ಆಟೋದವನು ಹಾರ್ನ್ ಹೊಡೆದ. ಸ್ವಲ್ಪ ನಿಲ್ಲು ಎಂದು ಹೇಳಲು ಗಂಡ ಬಾಗಿಲಿಗೆ ಹೋದ. ಅಷ್ಟರಲ್ಲಿ ನನ್ನ ಬಲಗೈ ಮತ್ತೆ ಎದ್ದು, ಚಾಚಿ, ಕಣ್ಣಿಗೆ ಒತ್ತಿಕೊಂಡಿತು.

ಈ ಸಲ ಯಾರಿಗೆ ತಾಗಿತು ಎಂದು ಕೇಳಿದೆ. ನಾಡಿಯ ಮೇಲಿದ್ದ ಬೆರಳುಗಳು ಬಿಗಿಯಾದವು. ಆಮೇಲೆ ಗಂಡ ಹೇಳಿದ:

"ನನಗ ತಾಗ್ಯಾದ. ನಿನ್ನ ಕಾಲ ಬಾಜೂಕೇ ಕುಂತೀನಿ."

ಆ ದನಿ ಬಂದದ್ದು ಬಾಗಿಲಿನಿಂದ. ಅದರ ಹಿಂದೆಯೇ ಆಟೋದ ಇಂಜಿನ್ನಿನ ಸದ್ದಿತ್ತು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡನ ದನಿ ಎಲ್ಲಿಂದ ಬರುತ್ತಿದೆ ಎಂದು ತಿಳಿಯುವುದಿಲ್ಲವೇ? ಮುದುಕರು ಅವನ ಮಾತನ್ನು ತಿದ್ದಲಿಲ್ಲ. ಸೂಜಿ ತೆಗೆಯುವ ಹೊತ್ತಾದರೂ ನನ್ನ ಕಾಲ ಕಡೆ ಹೋಗಲಿಲ್ಲ. ನಾಡಿ ಹಿಡಿದುಕೊಂಡೇ ಕೂತರು.

ಸುಳ್ಳು ಕಂಡರೆ ನನಗಾಗದು. ಗೇಣು ಬಟ್ಟೆಗೆ ಸುಳ್ಳು ಹೇಳಿದವರನ್ನು ನಾನು ಅಂಗಳದಲ್ಲೇ ನಿಲ್ಲಿಸಿ ಜಾಡಿಸಿದ್ದೇನೆ. ಆದರೆ ನೀನು ಬಾಗಿಲಲ್ಲಿದ್ದೀಯ ಎಂದು ಅಂದಿದ್ದರೆ, ಅವನ ಆಸೆ ಅಲ್ಲೇ ಸಾಯುತ್ತಿತ್ತು. ಹಾಗಾದರೆ ನನ್ನ ಕಾಲ ಬುಡದಲ್ಲಿ ಕೂತವರು ಯಾರು ಎಂದೂ ಕೇಳಬೇಕಾಗುತ್ತಿತ್ತು. ಎರಡಕ್ಕೂ ನನ್ನಲ್ಲಿ ಧೈರ್ಯವಿರಲಿಲ್ಲ.

"ಹೂಂ, ನೀನೇ ಅಂತ ಗೊತ್ತಾತು," ಎಂದೆ. "ಮುಂದಿನ ವಾರನೂ ಬರೂಣು."