ಪಕ್ಕದವರ ಕುರಿ ಎಷ್ಟು?

ಡೆಸ್ಕ್‌ಟಾಪ್ ಡೇಟಾಬೇಸ್ ಕಟ್ಟುವವರಿಗಾಗಿಯೇ ವಾರಕ್ಕೊಮ್ಮೆ ಇಮೇಲ್‌ನಲ್ಲಿ ಒಂದು ಪತ್ರಿಕೆ ಬರುತ್ತದೆ. ಹೊಸ ಸುದ್ದಿ, ಒಂದು ಪಾಠ, ನೋಡಬೇಕಾದ ವಿಡಿಯೊಗಳು, ಕೊನೆಗೆ ಒಂದು ಜೋಕು ಇರುತ್ತವೆ. ಚಳ್ಳಕೆರೆಯ ಕುರಿ ಸಾಕುವವರ ಸಂಘದಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದ ವಾರವೇ ನಾನು ಅದನ್ನು ತರಿಸಿಕೊಳ್ಳಲು ಹೆಸರು ಕೊಟ್ಟೆ. ಆದರೆ ಯಾವುದನ್ನೂ ನಡುವಿನಿಂದ ಓದುವ ಅಭ್ಯಾಸ ನನಗಿಲ್ಲ. ಹಳೆಯ ಸಂಚಿಕೆಗಳೆಲ್ಲ ಅವರ ಜಾಲತಾಣದಲ್ಲಿ ಇದ್ದುದರಿಂದ ಮೊದಲನೆಯದರಿಂದಲೇ ಶುರು ಮಾಡಿದೆ. ಹಟ್ಟಿಯಿಂದ ಬಸ್ಸಿನಲ್ಲಿ ಹೋಗುವಾಗ ಒಂದು, ವಾಪಸು ಬರುವಾಗ ಒಂದು. ಅರ್ಥವಾದರೆ ಡೈರಿಯಲ್ಲಿ ಒಂದು ಗೆರೆ, ಆಗದಿದ್ದರೆ ಒಂದು ಸೊನ್ನೆ. ಹೊಸದಾಗಿ ಬಂದ ಸಂಚಿಕೆಗಳು ತಮ್ಮ ಸರದಿಗಾಗಿ ತೆರೆಯದೆ ಕಾಯುತ್ತಿದ್ದವು.

ಹೀಗಾಗಿ ನನಗೆ ಸಿಗುವ ಸುದ್ದಿಯೆಲ್ಲ ಹಳಸಿದ್ದು. ‘ಹೊಸ ಆವೃತ್ತಿ ಮುಂದಿನ ತಿಂಗಳು ಬಿಡುಗಡೆ’ ಎಂದು ಓದಿ ಸಂಘದ ಕಾರ್ಯದರ್ಶಿಗಳಿಗೆ ಖುಷಿಯಿಂದ ಹೇಳಿದೆ. ಅವರು ಮನೆಗೆ ಹೋಗಿ ಕಂಪ್ಯೂಟರ್ ಓದುತ್ತಿರುವ ಮಗಳಿಗೆ ಹೇಳಿದರಂತೆ. ಮಾರನೆಯ ದಿನ ಬಾಗಿಲಲ್ಲೇ ನಿಂತು, "ಲೇ, ಅದು ಬಂದು, ಹಳೇದಾಗಿ, ಕಂಪನಿಯವ್ರು ಕೈ ಬಿಟ್ಟೂ ಆಗೈತಂತೆ. ಯಾವ ಕಾಲದಾಗೆ ಅದೀಯೋ ನೀನು?" ಎಂದರು.

"ಕ್ರಮವಾಗಿ ಬರ್ತಾ ಇದೀನಿ ಸಾರ್."

"ಬಾ, ಬಾ. ರಿಟೈರ್ ಆಗೋದ್ರೊಳಗೆ ಬಾ. ನಂದಲ್ಲ, ನಿಂದು."

ನನಗೆ ಒಪ್ಪಿಸಿದ ಕೆಲಸ ಸರಳವಾಗಿತ್ತು. ಯಾವ ಸದಸ್ಯರ ಬಳಿ ಎಷ್ಟು ಕುರಿಗಳಿವೆ ಎಂದು ಕಂಪ್ಯೂಟರಿಗೆ ಏರಿಸಿ, ಕರುಳುಬೇನೆಯ ಲಸಿಕೆ ಎಷ್ಟು ಬೇಕೆಂದು ಪಶು ಆಸ್ಪತ್ರೆಗೆ ಬರೆದು ಕೊಡಬೇಕು. ಮಂದೆಗಳು ಗದ್ದೆ ಸೀಮೆಗೆ ಮೇಯಲು ಹೊರಡುವ ಮುಂಚೆ ಲಸಿಕೆ ಬೀಳಲೇಬೇಕು. ಹೊರಟ ಮೇಲೆ ತಿಂಗಳುಗಟ್ಟಲೆ ಅವು ಕೈಗೆ ಸಿಗುವುದಿಲ್ಲ. ದಾರಿಯಲ್ಲಿ ಆ ರೋಗ ಬಿದ್ದರೆ ಸಂಜೆ ಮೆಲುಕು ಹಾಕುತ್ತಿದ್ದ ಕುರಿ ಬೆಳಿಗ್ಗೆ ಏಳುವುದಿಲ್ಲ.

ಪತ್ರಿಕೆಯ ಪಾಠಗಳಲ್ಲೆಲ್ಲ ಉದಾಹರಣೆಗೆಂದು ಒಂದು ಅಂಗಡಿ ಚೀಸ್ ಮತ್ತು ಟೀಪುಡಿ ಮಾರುತ್ತಿತ್ತು. ನಾನು ಗಿರಾಕಿಯ ಜಾಗದಲ್ಲಿ ಕುರಿಯವರನ್ನೂ, ಚೀಸಿನ ಜಾಗದಲ್ಲಿ ಕುರಿಯನ್ನೂ ಇಟ್ಟೆ. ಸಂಖ್ಯೆಯ ಕಾಲಂ ಖಾಲಿ ಬಿಡಲು ಅವಕಾಶ ಕೊಡಬಾರದೆಂದು ಒಂದು ಪಾಠ ಒತ್ತಿ ಹೇಳಿತ್ತು. ಕೊಡಲಿಲ್ಲ.

ನೋಂದಣಿಯ ದಿನ ಮೊದಲು ಬಂದವರು ರಾಂಪುರದ ಕಡೆಯ, ತೆಲುಗು ಬೆರೆಸಿ ಮಾತಾಡುವ ಒಬ್ಬ ಅಜ್ಜ.

"ಕುರಿ ಎಷ್ಟು ಅಜ್ಜಾ?"

"ಅದಾವೆ."

"ಎಷ್ಟು ಅದಾವೆ?"

"ಏಂ ಅಬ್ಬಾಯಿ, ಕುರಿ ಕಾಯೋರ ಮನ್ಯಾಗೆ ಹುಟ್ಟಿ ಇಂಗೆ ಕೇಳ್ತೀಯಾ? ನಮ್ಮ ಬಾಯಾಗೆ ಎಣಿಸಿದ್ರೆ ಕಮ್ಮಿ ಆಗ್ತವೆ. ಒಂದು ಮಂದೆ ಅಂತ ಬರ್ಕೋ."

ನಮ್ಮ ಅವ್ವನೂ ಕುರಿಯ ಲೆಕ್ಕ ಬಾಯಿಬಿಟ್ಟು ಹೇಳಿದವಳಲ್ಲ. ಅದು ಅವಳೊಬ್ಬಳ ಹಟ ಎಂದುಕೊಂಡಿದ್ದೆ. ನೋಡಿದರೆ ಸಾಲಿನಲ್ಲಿ ನಿಂತವರೆಲ್ಲ ಅವ್ವಂದಿರೇ. ಕಂಪ್ಯೂಟರ್ ‘ಮಂದೆ’ ಎಂಬುದನ್ನು ಒಪ್ಪದು, ಅಂಕಿ ಕೊಡದೆ ಮುಂದಕ್ಕೆ ಬಿಡದು. ಒಬ್ಬೊಬ್ಬರಿಗೂ ‘1’ ಎಂದು ಒತ್ತಿ, ‘ಅಂಕಿಗಳನ್ನು ತಿದ್ದುವುದು’ ಎಂದು ಡೈರಿಯ ಕೆಲಸಗಳ ಸಾಲಿನ ಕೊನೆಗೆ ಸೇರಿಸಿದೆ. ಅದಕ್ಕಿಂತ ಮೊದಲು ಬೀರು ಜೋಡಿಸುವುದು, ಪ್ರಿಂಟರ್ ಒರೆಸುವುದು ಇತ್ಯಾದಿ ಇದ್ದವು.

ಅದರ ಸರದಿ ಬರುವ ಮೊದಲೇ ಕಾರ್ಯದರ್ಶಿಗಳು ನಾನು ಮಾಡಿಕೊಟ್ಟಿದ್ದ ‘ಬೇಡಿಕೆ ಪಟ್ಟಿ’ ಎಂಬ ಹಸಿರು ಗುಂಡಿಯನ್ನು ಒತ್ತಿ, ಬಂದ ಹಾಳೆಗೆ ಸಹಿ ಹಾಕಿ ಕಳಿಸಿಬಿಟ್ಟಿದ್ದರು. ಆ ಗುಂಡಿ ಒತ್ತುವುದೆಂದರೆ ಅವರಿಗೆ ಬಹಳ ಇಷ್ಟ.

ಸೋಮವಾರ ಪಶು ಆಸ್ಪತ್ರೆಯ ಡಾಕ್ಟರು, ಲಸಿಕೆಗೆಂದು ಮಂದೆಗಳನ್ನು ಸೇರಿಸಿದ್ದ ಬಯಲಿಗೆ ಬಂದರು. ದೊಡ್ಡ ಐಸ್ ಡಬ್ಬಿಯ ತಳದಲ್ಲಿ ಎರಡು ಸೀಸೆಗಳು ಕೂತಿದ್ದವು.

"ನೀವು ಬರೆದಷ್ಟೇ ತಂದಿದ್ದೀನಿ. ಮನೆಗೊಂದು ಕುರಿ," ಎಂದರು.

ರಾಂಪುರದ ಅಜ್ಜ ತಮ್ಮ ಮಂದೆಯ ಕಡೆ ಕೈ ಬೀಸಿ, "ಬಾ ಅಬ್ಬಾಯಿ, ಯಾವುದನ್ನ ಉಳಿಸ್ತೀಯೋ ಆರಿಸು," ಎಂದರು. ನಗು ಎದ್ದಿತು. ಆದರೆ ಬರುವ ಸೋಮವಾರ ಎಲ್ಲರೂ ಹೊರಡುವವರು. ಶುಕ್ರವಾರ ಸಂಜೆಯೊಳಗೆ ಹೆಸರುವಾರು ಲೆಕ್ಕ ಕೊಟ್ಟರೆ ಭಾನುವಾರ ಲಸಿಕೆ ತರುತ್ತೇನೆಂದು ಡಾಕ್ಟರು ಹೇಳಿದರು. ಅಂದಾಜಿನ ಲೆಕ್ಕ ನಡೆಯದು ಎಂದೂ ಹೇಳಿದರು.

ಅಂದೇ ಡೇಟಾಬೇಸ್‌ನವರು ಪ್ರಶ್ನೆ ಕೇಳುವ ವೇದಿಕೆಯಲ್ಲಿ ನನ್ನ ಕಷ್ಟ ಬರೆದೆ: ‘ನಮ್ಮ ಗಿರಾಕಿಗಳು ತಮ್ಮ ಕುರಿಗಳ ಸಂಖ್ಯೆ ಹೇಳುವುದಿಲ್ಲ. ಏನು ಮಾಡಲಿ?’ ಮೂರು ಉತ್ತರ ಬಂದವು. ಗಿರಾಕಿಗಳಿಗೆ ತರಬೇತಿ ಕೊಡಿ ಎಂದರು ಒಬ್ಬರು. ಕುರಿಗಳಿಗೆ ಬಾರ್‌ಕೋಡ್ ಅಂಟಿಸಿ ಎಂದರು ಇನ್ನೊಬ್ಬರು. ಮೂರನೆಯವರು, ನೀವೇ ಎಣಿಸಿ, ಒಳ್ಳೆಯ ನಿದ್ದೆಯಾದರೂ ಬರುತ್ತದೆ ಎಂದಿದ್ದರು. ಶುಕ್ರವಾರದೊಳಗೆ ಅಷ್ಟೂ ಊರು ಸುತ್ತಿ ಎಣಿಸುವುದು ಆಗದ ಮಾತು; ಕುರಿಗೂ ನಿದ್ದೆಗೂ ಏನು ಸಂಬಂಧವೋ ಅದೂ ತಿಳಿಯಲಿಲ್ಲ. ಸೊನ್ನೆ ಹಾಕಿದೆ.

ಕೊನೆಗೆ ನೇಮ ಮುರಿದು ಪತ್ರಿಕೆಯ ಹೊಸ ಸಂಚಿಕೆಗಳನ್ನು ತೆರೆದೆ. ನಾನು ಕಂಪ್ಯೂಟರಿನಲ್ಲಿ ನೋಂದಣಿಯ ಫಾರಂ ಮಾಡಿದ ವಾರವೇ ಬಂದಿದ್ದ ಸಂಚಿಕೆಯ ಮುಖ್ಯ ಪಾಠ: ‘ಬಲವಂತದ ಕಾಲಂ ಇಟ್ಟರೆ ಸುಳ್ಳು ಅಂಕಿ ಬಂದು ಕೂರುತ್ತದೆ.’ ನಾನು ಕಲಿತ ಹಳೆಯ ಪಾಠವನ್ನು ಅವರು ಆಗಲೇ ಹಿಂದಕ್ಕೆ ಪಡೆದಿದ್ದರು. ಆದರೆ ನಿಜವಾದ ಅಂಕಿಯನ್ನು ಎಲ್ಲಿಂದ ತರುವುದೆಂದು ಅಲ್ಲೂ ಇರಲಿಲ್ಲ.

ಗುರುವಾರ ಅಜ್ಜ ಬೈಯಲಿಕ್ಕೆಂದೇ ಬಸ್ಸು ಹತ್ತಿ ಬಂದರು. ಅವರ ಕುರಿರೊಪ್ಪದ ಪಕ್ಕದಲ್ಲೇ ಕುರಿ ಕೂಡುವ, ನನಗೆ ವರಸೆಯಲ್ಲಿ ಮಾವನಾಗುವ ದಪ್ಪ ಮೀಸೆಯವರೊಬ್ಬರೂ ಜೊತೆಗಿದ್ದರು. ಇಬ್ಬರಿಗೂ ಅಷ್ಟಕ್ಕಷ್ಟೆ.

"ನನ್ನಷ್ಟು ಕುರಿ ಇದ್ದೋನಿಗೆ ಒಂದು ಸೂಜಿನಾ?" ಎಂದರು ಮಾವ.

"ಏನು ಮಹಾ ಕುರಿಯಪ್ಪಾ ನಿಂದು?" ಅಜ್ಜ ತಿರುಗಿ ಬಿದ್ದರು. "ನೂರಾ ಹದಿನಾಲ್ಕು. ಅದರಾಗೆ ಮೂರು ಕುಂಟು, ಒಂದಕ್ಕೆ ಕಣ್ಣಿಲ್ಲ."

ಮಾವ ದೃಷ್ಟಿ ತಾಗದಂತೆ ಥೂ ಥೂ ಎಂದು ಮೂರು ಸಲ ಉಗುಳಿ, "ನಿನ್ನವು ನಾನ್ ಹೇಳ್ಲಾ? ತೊಂಬತ್ತಾರು! ನೂರು ಮುಟ್ಟಿಲ್ಲ ಅಂತ ನಿಂಗೆ ಹೊಟ್ಟೆ ಉರಿ," ಎಂದರು.

ಕೀಲಿಮಣೆಯ ಮೇಲಿದ್ದ ನನ್ನ ಕೈ ನಿಂತುಬಿಟ್ಟಿತು. "ಅಜ್ಜಾ, ಬೇರೆಯವರವು ಹೇಳ್ಬೋದಾ?"

"ನಮ್ಮ ಬಾಯಾಗೆ ನಮ್ಮವು ಎಣಿಸಬಾರ್ದು. ಅವನವಕ್ಕೆ ಏನಾದ್ರೆ ನನಗೇನು?"

ಒಂದೇ ಪಟ್ಟಿಯನ್ನು ಅದಕ್ಕೇ ಜೋಡಿಸುವುದು ಎಂಬ ಪಾಠವೊಂದಿತ್ತು. ನೌಕರನ ಹೆಸರೂ ಅವನ ಮೇಲಧಿಕಾರಿಯ ಹೆಸರೂ ಒಂದೇ ಪಟ್ಟಿಯಲ್ಲಿದ್ದರೆ ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ಹೋಗುವುದು ಎಂಬುದು ಅದರ ವಿಷಯ. ನನ್ನ ಡೈರಿಯಲ್ಲಿ ಅದಕ್ಕೆ ಸಾಲಾಗಿ ಸೊನ್ನೆಗಳು. ಆ ಇಬ್ಬರೂ ಒಬ್ಬರನ್ನೊಬ್ಬರು ನುಂಗುವಂತೆ ನೋಡುತ್ತಾ ನಿಂತಿದ್ದಾಗ ಅದು ಪೂರಾ ತಿಳಿಯಿತು. ಸಂಖ್ಯೆಯ ಪಕ್ಕದಲ್ಲಿ ‘ಹೇಳಿದವರು’ ಎಂಬ ಹೊಸ ಕಾಲಂ ಮಾಡಿ, ಅದಕ್ಕೆ ಅದೇ ಸದಸ್ಯರ ಪಟ್ಟಿಯನ್ನು ಜೋಡಿಸಿದೆ. ತಮ್ಮ ಹೆಸರನ್ನು ತಾವೇ ಆರಿಸಿಕೊಳ್ಳದಂತೆ ತಡೆಯನ್ನೂ ಇಟ್ಟೆ.

ಸುದ್ದಿ ಹಬ್ಬಿತು. ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಜನ ನೆರೆದಿದ್ದರು. ನೋಂದಣಿಯ ದಿನ ಬಾಯಿಗೆ ಹೊಲಿಗೆ ಹಾಕಿಕೊಂಡಿದ್ದವರು ಈಗ ಪಕ್ಕದವರ ಆಡುಮರಿ, ಗಬ್ಬದ ಕುರಿ, ಬೀಗರಿಂದ ಬಂದ ಟಗರನ್ನೂ ಬಿಡಲಿಲ್ಲ. ಬರಲಾಗದವರು ಫೋನ್ ಮಾಡಿ ಹೇಳಿದರು.

"ಎಷ್ಟು ಜನ ಬಂದವ್ರಲೇ!" ಎಂದು ಕಾರ್ಯದರ್ಶಿಗಳು ಬೆರಗಾದರು. "ಸರ್ವಸದಸ್ಯರ ಸಭೆಗೆ ಉಪ್ಪಿಟ್ಟು ಕೊಟ್ರೂ ಇಷ್ಟು ಬರಲ್ಲ."

ಸಂಜೆಯ ಹೊತ್ತಿಗೆ ಒಂದು ಹೆಸರಿನ ಮುಂದೆ ಮಾತ್ರ ಇನ್ನೂ ಹಳೆಯ ‘1’ ಉಳಿದಿತ್ತು. ಅದು ಅವ್ವನದು. ಫೋನ್ ಮಾಡಿದೆ.

"ಅವ್ವಾ, ಸುಮ್ನೆ ಹೇಳು. ಟೈಮಿಲ್ಲ."

"ಮಾರಮ್ಮನಾಣೆ ಹೇಳಲ್ಲ. ನೀನೂ ಹೇಳ್ಬ್ಯಾಡ. ನೀನು ಈ ಮನೆಯೋನೇ," ಎಂದು ಫೋನನ್ನು ಪಕ್ಕದ ಮನೆಯ ಚಿಕ್ಕಮ್ಮನ ಕೈಗೆ ಕೊಟ್ಟಳು. ಚಿಕ್ಕಮ್ಮ ಉಸಿರು ತೆಗೆದುಕೊಳ್ಳದೆ ಹೇಳಿದರು. ಅವ್ವ ಹಿಂದಿನಿಂದ ಥೂ ಥೂ ಎಂದದ್ದು ಕೇಳಿಸಿತು. ಕಾರ್ಯದರ್ಶಿಗಳು ಹಸಿರು ಗುಂಡಿ ಒತ್ತಿದರು, ಈ ಸಲ ಹಾಳೆ ಓದಿದ ಮೇಲೆ.

ಭಾನುವಾರ ಐಸ್ ಡಬ್ಬಿಗಳು ತುಂಬಿ ಬಂದವು. ಮಂದೆಗಳಿಗೆಲ್ಲ ಸೂಜಿ ಬಿದ್ದ ಮೇಲೆ ಒಂದು ಸೀಸೆಯಲ್ಲಿ ಸ್ವಲ್ಪ ಉಳಿಯಿತು. ಹೊಟ್ಟೆಕಿಚ್ಚಿನವರು ಅಲ್ಲೊಂದು ಇಲ್ಲೊಂದು ಕುರಿ ಜಾಸ್ತಿ ಕಂಡಿದ್ದರು. ಚಿಕ್ಕಮ್ಮ ಹೇಳಿದ ನಮ್ಮ ಮನೆಯ ಲೆಕ್ಕದಲ್ಲಿ ಮಾತ್ರ ಎರಡು ಕಮ್ಮಿಯಿತ್ತು. ನಾನು ತಿದ್ದಲಿಲ್ಲ. ಉಳಿದ ಮದ್ದಿನಲ್ಲಿ ಆ ಎರಡಕ್ಕೂ ಸೂಜಿ ಹಾಕಿಸಿ, ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ.