ಟಗರುಕೊಂಬಿನ ಹ್ಯಾಂಡಲ್

ರೇಸ್ ಸೈಕಲ್ಲಿನ ಬಾಗಿದ ಹ್ಯಾಂಡಲ್ ನೋಡಲು ಟಗರಿನ ಕೊಂಬಿನ ಹಾಗೆಯೇ ಇರುತ್ತದೆ. ಅದನ್ನು ಕೂರಿಸುವುದೇ ಕಸುಬಾದ್ದರಿಂದ ಆ ಸೈಕಲ್ ಅಂಗಡಿಯವನಿಗೆ ಕೊಂಬಿನ ಮೇಸ್ತ್ರಿ ಎಂಬ ಹೆಸರು ಬಿತ್ತು. ಅಂಗಡಿಯ ಗೋಡೆಯ ತುಂಬ ಹ್ಯಾಂಡಲ್ಲುಗಳೇ. "ಎಲ್ಲಾ ಒಂದೇ ಥರ ಇವೆಯಲ್ಲ" ಎಂದು ಬಾಯಿ ತಪ್ಪಿ ಅಂದವರ ಕಥೆ ಮುಗಿಯಿತು. ಕೈಯಲ್ಲಿದ್ದ ಚಹಾ ಆರಿ ತಣ್ಣಗಾಗುವವರೆಗೆ ಪಾಠ. ಈ ದುಂಡನೆಯದು ಆಳಕ್ಕೆ ಇಳಿಯುತ್ತದೆ, ಉದ್ದ ಕೈಯವರಿಗೆ. ನಡುವೆ ನೇರವಾಗಿರುವ ಇದು ಅಂಗೈಗೆ ಒಂದೇ ಜಾಗ ಕೊಡುತ್ತದೆ, ಹಟಮಾರಿ. ಈ ಗಿಡ್ಡನೆಯದು ಬೆನ್ನು ಬಾಗದವರಿಗೆ. ಕೆಳತುದಿ ಹೊರಕ್ಕೆ ಚಾಚಿದ್ದು ಮಣ್ಣುದಾರಿಗೆ.

ಆರಿಸುವ ರೀತಿಯೂ ಅವನದೇ. ಸ್ಟ್ಯಾಂಡಿಗೆ ಬಿಗಿದ ಸೈಕಲ್ಲಿನ ಮೇಲೆ ಗಿರಾಕಿಯನ್ನು ಕೂರಿಸಿ ಕಣ್ಣು ಮುಚ್ಚಿಸುತ್ತಿದ್ದ. ಒಂದಾದ ಮೇಲೊಂದು ಹ್ಯಾಂಡಲ್ ಹಾಕಿ ಹಿಡಿಸುತ್ತಿದ್ದ. "ಕೈ ಸುಳ್ಳು ಹೇಳಲ್ಲ. ನೋವಾಯ್ತು ಅಂದ್ರೆ ತಪ್ಪು ಪೈಪಿಂದು" ಎನ್ನುತ್ತಿದ್ದ.

ಈ ಮಾತನ್ನು ಅವನಷ್ಟೇ ನಂಬಿದವಳು ಅವನ ತಂಗಿ. ದಿನವಿಡೀ ಸೈಕಲ್ಲಿನಲ್ಲಿ ಪಾರ್ಸಲ್ ಹಂಚುವುದು, ರಜೆ ಬಂದರೆ ರೇಸಿಗೆ ಹೋಗುವುದು. ಅವಳಿಗೆ ಬೇರೆ ಬದುಕೇ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕಣ್ಣು ಮುಚ್ಚಿ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವವಳೂ ಅವಳೊಬ್ಬಳೇ. "ಎಡಗಡೆ ಚೂರು ವಾಲಿದೆ ಕಣೋ ಅಣ್ಣ, ನನ್ನ ಹತ್ರ ನಡೆಯಲ್ಲ ನಿನ್ನ ಆಟ" ಎಂದು ನಗುತ್ತಿದ್ದಳು. ಮೇಸ್ತ್ರಿಗೆ ಅದು ಯಾವ ಹೊಗಳಿಕೆಗಿಂತಲೂ ದೊಡ್ಡದು.

ಹೀಗಿರುವಾಗ ಅವಳ ಕಿರುಬೆರಳು ಜುಮ್ಮೆನ್ನತೊಡಗಿತು. ಮೇಸ್ತ್ರಿ ದುಂಡನೆಯದನ್ನು ಬಿಚ್ಚಿ ನೇರದ್ದನ್ನು ಹಾಕಿದ. ಒಂದು ವಾರ ಹಾಯೆನಿಸಿತು, ಮತ್ತೆ ಅದೇ ಪಾಡು. ಗಿಡ್ಡನೆಯದನ್ನು ಹಾಕಿದ. ಹ್ಯಾಂಡಲ್ಲಿಗೆ ಪಟ್ಟಿ ದಪ್ಪಗೆ ಸುತ್ತಿದ. ಅವನ ಹೆಂಡತಿ ತಡೆಯಲಾರದೆ, "ಒಂದ್ಸಲ ಡಾಕ್ಟರಿಗೆ ತೋರಿಸ್ಬಾರ್ದಾ?" ಎಂದಳು.

"ಡಾಕ್ಟರ್ ಬಂದು ಹ್ಯಾಂಡಲ್ ಬಗ್ಗಿಸ್ತಾರಾ?" ಎಂದ ಮೇಸ್ತ್ರಿ. ಅಣ್ಣತಂಗಿ ಇಬ್ಬರೂ ಬಿದ್ದು ಬಿದ್ದು ನಕ್ಕರು. ಅತ್ತಿಗೆ ಮಾತ್ರ ನಗಲಿಲ್ಲ.

ವರ್ಷವೊಂದು ಹೀಗೇ ಉರುಳಿತು. ಒಂದು ದಿನ ತಂಗಿ ಮನೆಯ ಬಾಗಿಲಲ್ಲಿ ಬೀಗದ ಕೈ ಹಿಡಿದು ನಿಂತೇ ಇದ್ದಳು. ಅದನ್ನು ತಿರುಗಿಸಲು ಅವಳಿಂದ ಆಗಲಿಲ್ಲ. ಅತ್ತಿಗೆ ಯಾರ ಮಾತನ್ನೂ ಕೇಳದೆ ಅವಳನ್ನು ಆಸ್ಪತ್ರೆಗೆ ಎಳೆದೊಯ್ದಳು; ಹಿಂದೆಯೇ ಮೇಸ್ತ್ರಿ.

ಡಾಕ್ಟರ್ ಅವಳ ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ತೋರಿಸಿದರು. ಮಾಂಸವಿರಬೇಕಾದ ಕಡೆ ಗುಳಿ ಬಿದ್ದಿತ್ತು. ಎರಡೂ ಕೈಗಳಲ್ಲಿ.

"ಮಣಿಕಟ್ಟಿನ ಹತ್ರ ನರ ಒತ್ತಿಹೋಗಿದೆ. ಜುಮ್ಮೆನ್ನೋಕೆ ಶುರುವಾದಾಗಲೇ ಸೈಕಲ್ ನಿಲ್ಲಿಸಿ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು. ಈಗ ಆಪರೇಷನ್ ಮಾಡಿದ್ರೂ ಹೋದ ಶಕ್ತಿ ವಾಪಸ್ ಬರೋದು ಕಷ್ಟ. ಬ್ರೇಕ್ ಹಿಡಿಯೋಕಾಗಲ್ಲಮ್ಮ, ಸೈಕಲ್ ಬೇಡ."

ಮೂವರೂ ಆಸ್ಪತ್ರೆಯಿಂದ ಹಿಂತಿರುಗಿದರು. ಅಂಗಡಿಯ ಹತ್ತಿರ ಬಂದಾಗ ತಂಗಿಯೇ, "ಒಂದ್ಸಲ ನೋಡೋಣ ಅಣ್ಣ" ಎಂದಳು. ಮೇಸ್ತ್ರಿ ಅಂಗಡಿಯ ಬಾಗಿಲು ತೆರೆದ. ಅವಳು ಸ್ಟ್ಯಾಂಡಿನ ಸೈಕಲ್ ಹತ್ತಿ ಕಣ್ಣು ಮುಚ್ಚಿದಳು. ಅವನು ದುಂಡನೆಯದನ್ನು ಹಾಕಿ ಹಿಡಿಸಿದ. ಅವಳು ಸರಿಯಿಲ್ಲವೆಂದು ತಲೆಯಾಡಿಸಿದಳು. ಹೊರಕ್ಕೆ ಚಾಚಿದ್ದನ್ನು ಹಾಕಿದ. ಅದಕ್ಕೂ ತಲೆಯಾಡಿಸಿದಳು.

ಮೂರನೆಯದಕ್ಕೆ ಅವನ ಕೈ ಏಳಲಿಲ್ಲ. ಬೋಲ್ಟಿನ ಮೇಲೆ ಸ್ಪ್ಯಾನರಿನಿಂದ ಸುಮ್ಮನೆ ಟಕಟಕ ಬಡಿದ, ಹ್ಯಾಂಡಲ್ ಬದಲಿಸಲಿಲ್ಲ.

"ಇದು?"

ಅವಳು ಅದೇ ಪೈಪನ್ನು ಎರಡೂ ಕೈಗಳಿಂದ ತಡವಿದಳು. "ಇದು ಚೆನ್ನಾಗಿ ಕೂತಿದೆ ಅಣ್ಣ. ಹಿಂದಿಂದಕ್ಕಿಂತ ಎಷ್ಟೋ ವಾಸಿ."

ಅವಳ ಕೈಗೆ ನಿಜವಾಗಿಯೂ ತಿಳಿಯಲಿಲ್ಲವೋ, ಅಣ್ಣನ ಸಮಾಧಾನಕ್ಕೆ ಹಾಗೆಂದಳೋ, ಮೇಸ್ತ್ರಿ ಕೇಳಲಿಲ್ಲ. ಎರಡರಲ್ಲಿ ಯಾವುದಾದರೂ ಅವನ ಎದೆ ಒಡೆಯಲು ಸಾಕಾಗಿತ್ತು.

"ಹಾಗಾದ್ರೆ ಇದನ್ನೇ ಹಾಕಿಬಿಡ್ತೀನಿ" ಎಂದ.

"ಬಿಗಿಯಾಗಿ ಹಾಕು" ಎಂದಳು ಅವಳು, ಕಣ್ಣು ಮುಚ್ಚಿಕೊಂಡೇ.

ಆಗಲೇ ಬಿಗಿದಿದ್ದ ಬೋಲ್ಟನ್ನು ಅವನು ಮತ್ತೆ ಬಿಗಿದ.