ಮಾವನವರ ಎಡಗಾಲು ಸಮುದ್ರಕ್ಕೆ ಹೋದದ್ದು

ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮಾವನವರ ಕುಣಿಮಗ್ಗವಿದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ ಅವರು ನಲವತ್ತು ವರ್ಷ ಸೀರೆ ನೇಯ್ದರು. ಹೋದ ವರ್ಷ ಲಕ್ವಾ ಹೊಡೆದು ಎಡಗಾಲು ಸೋತಿತು. ಕಾಲಿನಲ್ಲಿ ಜೀವ ಇದೆ, ಬಳಸಬೇಕಷ್ಟೆ ಎಂದರು ಜಮಖಂಡಿಯ ಡಾಕ್ಟರು. ಮಾವನವರು ಬಳಸಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು, ಮಾತೂ ನಿಂತಹಾಗೆಯೇ. ಖಾಲಿ ಕುಣಿಯಲ್ಲಿ ಅತ್ತೆ ಉಳ್ಳಾಗಡ್ಡಿ ತುಂಬಿದರು. ದೀಪಾವಳಿ ಮುಗಿದ ಮೇಲೆ ಕುಣಿ ಮುಚ್ಚಿ ನೆಲಕ್ಕೆ ಫರಸಿಕಲ್ಲು ಹಾಕಿಸೋಣ ಎಂದರು ನಮ್ಮ ಯಜಮಾನರು. ಮಾವನವರು ಅದನ್ನು ಕೇಳಿಸಿಕೊಂಡು, ಚಾದರದ ಅಂಚಿನ ಎಳೆಯೊಂದನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದುದನ್ನು ನಾನು ನೋಡಿದೆ.

ಆಗ ಕರಾವಳಿಯಲ್ಲಿರುವ ನಾದಿನಿ ಫೋನ್ ಮಾಡಿದಳು. ಅಲ್ಲಿ ಸರ್ಫಿಂಗ್ ಕಲಿಸುತ್ತಾರಂತೆ, ಅಂದರೆ ಉದ್ದನೆಯ ಹಲಗೆ ಏರಿ ಅಲೆಯ ಮೇಲೆ ಸವಾರಿ. ಕೈಕಾಲು ಸೋತವರಿಗೂ ಮನಸ್ಸು ಕುಗ್ಗಿದವರಿಗೂ ಬೇರೆ ತರಗತಿ ಇದೆಯಂತೆ.

“ಅಪ್ಪಗ ಎರಡೂ ಅದಾವ. ಕರ್ಕೊಂಡ ಬರ್ರಿ ವೈನಿ,” ಎಂದಳು.

ಇಬ್ಬರು ಹಿಡಿದುಕೊಂಡರೆ ಹೋಗಲಿ ಎಂದರು ಡಾಕ್ಟರು. ಮೊದಲು ಮನೆಯಲ್ಲಿ ಬೋರಲು ಮಲಗಿ ಏಳುವ ಅಭ್ಯಾಸ ಮಾಡಿಸಬೇಕೆಂದು ಅಲ್ಲಿಯ ಟೀಚರು ವಿಡಿಯೋ ಕಳಿಸಿದ್ದರು. ಜಮಖಾನೆ ಹಾಸಿ ಮಾವನವರನ್ನು ಬೋರಲು ಮಲಗಿಸಿದೆವು. ಅತ್ತೆ ಕಾಲು ಹಿಡಿದರು, ನಾನು ಹೆಗಲು. ಅಷ್ಟರಲ್ಲಿ ಜರಡಿ ತಿರುಗಿ ಕೊಡಲು ಬಂದ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತಳು. ಜರಡಿ ಕೆಳಗಿಟ್ಟು, ತಲೆ ಮೇಲೆ ಸೆರಗು ಎಳೆದುಕೊಂಡು ಮೆಲ್ಲಗೆ ಕೇಳಿದಳು.

“ಯಾವಾಗ ಆತ್ರಿ?”

ಜಮಖಾನೆಯ ಮೇಲೆ ಬೋರಲಾಗಿದ್ದಲ್ಲಿಂದಲೇ ಮಾವನವರು ಹೇಳಿದರು: “ಇನ್ನೂ ಆಗಿಲ್ಲವ್ವಾ. ಪ್ರ್ಯಾಕ್ಟೀಸ್ ನಡದೈತಿ.”

ಎಷ್ಟೋ ತಿಂಗಳ ಮೇಲೆ ಅವರು ಆಡಿದ ಮೊದಲ ಚೇಷ್ಟೆಯ ಮಾತು ಅದು. ಅಂದೇ ನಾನು ಬಸ್ಸಿಗೆಂದು ರೊಟ್ಟಿ ಬಡಿಯಲು ಕುಳಿತೆ.

ಸಮುದ್ರದ ದಂಡೆಯಲ್ಲಿ ಮಾವನವರು ಕಚ್ಚೆ ಹಾಕಿದ ದೋತರದ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟರು. ಟೊಪಗಿ ಮಾತ್ರ ತೆಗೆಯಲಿಲ್ಲ. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ನನಗೆ ಮೊಣಕಾಲು ಮುಚ್ಚಿ ಕೂಡುವುದನ್ನು ಕಲಿಸಿದ್ದರು. ಸೀರೆಯುಟ್ಟು ಸೊಂಟಮಟ್ಟದ ನೀರಿನಲ್ಲಿ ಮಾವನವರ ಹಲಗೆ ಹಿಡಿದು ನಿಲ್ಲುವುದು ಅವರ ಪಾಠದಲ್ಲಿ ಇರಲಿಲ್ಲ.

“ಹೊಟ್ಟೆ ಮೇಲೆ ಮಲಗಿ ಅಜ್ಜ,” ಎಂದರು ಟೀಚರು. ಆಕೆ ನಮ್ಮ ನಾದಿನಿಯ ವಯಸ್ಸಿನವರು.

“ಮಲಗಾಕ ಇಷ್ಟು ದೂರ ಯಾಕ ಬರಬೇಕಿತ್ತವಾ? ಮನ್ಯಾಗ ವರ್ಷಾನಗಟ್ಲೆ ಅದನ್ನ ಮಾಡೇನಿ.”

ಹೀಗಂದು, ಎರಡೂ ಕಾಲು ನೀರಿಗೆ ಇಳಿಬಿಟ್ಟು, ಮಗ್ಗದ ಮುಂದೆ ಕೂತ ಹಾಗೆ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಕೂಡಲಿ ಬಿಡಿ ಎಂದು ಟೀಚರು ನನಗೆ ಕಣ್ಣಲ್ಲೇ ಹೇಳಿದರು. ಮಾವನವರ ಬಲಗಾಲು ನೀರನ್ನು ತುಳಿಯಿತು. ಎಡಗಾಲು ಸುಮ್ಮನೆ ತೂಗಿತು. ದಂಡೆಯ ಕಡೆ ಮುಖವಿದ್ದ ಹಲಗೆ ನನ್ನ ಸಡಿಲ ಹಿಡಿತದಲ್ಲಿ ಮೆಲ್ಲಗೆ ತಿರುಗಿ ತಿರುಗಿ ಸಮುದ್ರಕ್ಕೆ ಮುಖ ಮಾಡಿತು.

ದಂಡೆಯಲ್ಲಿ ಎಲ್ಲರ ಚಪ್ಪಲಿ ಕಾಯುತ್ತಿದ್ದ ಅತ್ತೆ ಕೂಗಿದರು: “ಯಾಕ್ರಿ, ಅತ್ತಾಗ ಎಲ್ಲಿ ಹೊಂಟ್ರಿ? ನಾವು ಈ ಕಡೆ ಅದೀವಿ.”

“ಒಂದೇ ಕಾಲು ಆಡಿಸಿದರೆ ಹೀಗೇ ಸೊಟ್ಟ ಹೋಗ್ತದೆ ಅಜ್ಜ,” ಎಂದರು ಟೀಚರು.

ಮಾವನವರಿಗೆ ಸೊಟ್ಟ ಎಂಬ ಮಾತನ್ನು ಆತನಕ ಯಾರೂ ಅಂದಿರಲಿಲ್ಲ. ಅವರು ನೇಯ್ದ ಅಂಚನ್ನು ತೋರಿಸಿ ರಬಕವಿಯ ಅಂಗಡಿಯವರು ಬೇರೆ ನೇಕಾರರನ್ನು ಬೈಯುತ್ತಿದ್ದರು. ಮೂರು ಸಲ ದಂಡೆಗೆ ಮುಖ ಮಾಡಿಸಿದರೂ ಹಲಗೆ ತಿರುಗಿತು. ಮೂರನೆಯ ಸಲ ಅವರು ಹಲ್ಲು ಕಚ್ಚಿದರು.

“ನೆಟ್ಟಗ ಹಿಡಿ ನೋಡೂಣು,” ಎಂದರು ನನಗೆ.

ನೀರೊಳಗೆ ಮೊದಲು ಎಡಗಾಲಿನ ಹೆಬ್ಬೆರಳು ಮಡಚಿತು. ಆಮೇಲೆ ಹಿಮ್ಮಡಿ, ಬಹಳ ತಡವಾಗಿ, ಕೆಳಗಿಳಿಯಿತು. ಬಲ, ಎಡ. ಬಲ, ಸ್ವಲ್ಪ ಬಿಟ್ಟು ಎಡ. ಹಲಗೆ ದಂಡೆಯತ್ತ ಹೊರಟಿತು. ಹಿಂದಿನಿಂದ ಬಂದ ಅಲೆ ಅದನ್ನೆತ್ತಿ, ಮಾವನವರನ್ನು ಕೂತ ಭಂಗಿಯಲ್ಲೇ ಅತ್ತೆಯ ಕಾಲ ಹತ್ತಿರ ಇಳಿಸಿತು.

“ಟೊಪಗಿ ಎಲ್ಲೈತ್ರಿ?” ಎಂದರು ಅತ್ತೆ.

ಬಾಯೊಳಗಿನ ಉಪ್ಪುನೀರು ಉಗುಳಿ ಅವರೆಂದರು: “ಮನಿಗೆ ಹೋದಕೂಡ್ಲೆ ಆ ಉಳ್ಳಾಗಡ್ಡಿ ತಗಿ.”

ಊರಿಗೆ ಮರಳಿ ಮಗ್ಗಕ್ಕೆ ಕುಳಿತ ಮೊದಲ ದಿನ ನಾಲ್ಕು ಬೆರಳಗಲ ನೇಯ್ದರು. ಸೊಟ್ಟ ಬಂತೆಂದು ತಾವೇ ಬಿಚ್ಚಿ ಮತ್ತೆ ಕುಳಿತರು. ಎಡಗಾಲು ಈಗಲೂ ತಡವಾಗಿಯೇ ಬೀಳುತ್ತದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ನನ್ನ ಕೈ ಅದರ ಸಪ್ಪಳಕ್ಕಾಗಿ ಒಂದು ಕ್ಷಣ ಕಾಯುತ್ತದೆ. ಉಳ್ಳಾಗಡ್ಡಿ ನಮ್ಮ ಮಂಚದ ಕೆಳಗೆ ಬಂದಿದೆ. ಫರಸಿಯವನಿಗೆ ಬೇಡವೆಂದು ಹೇಳಿಬಂದ ಯಜಮಾನರು ವಾಸನೆಗೆ ಮೂಗಿನ ಮೇಲೆ ಚಾದರ ಎಳೆದುಕೊಂಡು ಮಲಗುತ್ತಾರೆ.